ಗಂಟಲಿನ ಪರವಾನಗಿ

ಚುಚ್ಚುಮದ್ದು ಹಾಕಿಸಿಕೊಂಡ ಮಗು ಆಸ್ಪತ್ರೆಯ ಬೆಂಚಿನ ಮೇಲೆ ಉಸಿರುಗಟ್ಟಿ ಅಳುತ್ತಿತ್ತು. ತಾಯಿ ವಾರಿಜಾ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡಿದ್ದ ಜೋಗುಳಕ್ಕೆ ಫೋನಿನಲ್ಲಿ ಕೇಳಿಸಲಷ್ಟೇ ಪರವಾನಗಿ ಇತ್ತು. ಫೋನಿನ ಬ್ಯಾಟರಿ ಮುಗಿದಿತ್ತು. ಅದನ್ನೇ ಬಾಯಲ್ಲಿ ಹಾಡಲು ಗಂಟಲಿಗೆ ಬೇರೆ ಪರವಾನಗಿ ಬೇಕು. ಅದಿಲ್ಲದೆ ಹಾಡಿದರೆ ಗೋಡೆಯ ಮೇಲಿನ ಕಿವಿಯಂತ್ರ ಹಾಡಿನ ಗುರುತು ಹಿಡಿದು, ಒಂದು ತಿಂಗಳು ಹಾಡಿದವರ ದನಿಗೆ ಬೀಗ ಹಾಕುತ್ತಿತ್ತು.

“ಹಾಡೇ ತಾಯಿ, ಮಗೂನ ನೋಡೋಕಾಗ್ತಿಲ್ಲ,” ಎಂದರು ಅತ್ತೆ.

ವಾರಿಜಾ ಯಂತ್ರದ ಮೇಲೆ ಕಣ್ಣಿಟ್ಟೇ, ತನ್ನಮ್ಮ ಹಾಡುತ್ತಿದ್ದ ಹಾಗೆ ಮೆಲ್ಲಗೆ ಅದೇ ಜೋಗುಳ ಹಾಡತೊಡಗಿದಳು. ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಯಂತ್ರದ ಹಸಿರು ದೀಪ ಕೆಂಪಾಗಲಿಲ್ಲ. ಮಗು ಬಿಕ್ಕುತ್ತ ನಿದ್ದೆಹೋಯಿತು.

“ಅದೇ ಹಾಡಲ್ವೇನೇ? ಯಾಕೆ ಹಿಡೀಲಿಲ್ಲ?”

“ಅಮ್ಮಂಗೆ ಶ್ರುತೀನೇ ಇರ್ಲಿಲ್ಲ ಅತ್ತೆ. ನಂಗೂ ಅದೇ ಬಂದಿದೆ,” ಎಂದು ವಾರಿಜಾ ಉಸಿರುಬಿಟ್ಟಳು.

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. “ಮಗು ಎದ್ರೆ ಇನ್ನೊಂದ್ಸಲ ಹಾಡು. ಅಪ್ಪಿತಪ್ಪಿ ಸರಿಯಾಗಿ ಹಾಡಿಬಿಟ್ಟೀಯ, ಜೋಕೆ!”