ಕೋಟಿನ ತೋಳೊಳಗಿನ ಹಸಿರು ಬಳೆ

ಇದು ಎಲ್ಲಿಂದಲೋ ಬಂದ ಫಾರ್ವರ್ಡ್ ಅಲ್ಲ... ನನ್ನದೇ ಕಥೆ. ಓದಿ ನನ್ನನ್ನು ಬೈದರೂ ಪರವಾಗಿಲ್ಲ.

ಆಗ ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಪಾಸಿಟ್ರೋನಿಯಂ ಎಂಬ ವಿಚಿತ್ರ ಪರಮಾಣುವನ್ನು ಲೇಸರ್ ಬೆಳಕಿನಿಂದ ತಂಪು ಮಾಡುವುದು ನನ್ನ ಕೆಲಸ.

ಒಂದು ಎಲೆಕ್ಟ್ರಾನ್, ಅದರ ವಿರುದ್ಧದ ಜೋಡಿ ಪಾಸಿಟ್ರಾನ್... ಒಂದನ್ನೊಂದು ಸುತ್ತುತ್ತಲೇ, ಸೆಕೆಂಡಿನ ಕೋಟಿಯಲ್ಲೊಂದು ಭಾಗದಲ್ಲಿ ಎರಡೂ ಇಲ್ಲವಾಗುತ್ತವೆ.

ಅಷ್ಟರೊಳಗೆ ಎದುರಿನಿಂದ ಬೆಳಕು ತಾಗಿಸಿ ಅದರ ಓಟ ನಿಧಾನ ಮಾಡಬೇಕು; ತಂಪು ಮಾಡುವುದೆಂದರೆ ಇದೇ. ನಿಧಾನವಾದರೆ ಆಂಟಿಮ್ಯಾಟರ್ ಎಂಬ ಆ ವಿರುದ್ಧ ದ್ರವ್ಯ ಎಂಥದ್ದು ಎಂದು ಹತ್ತಿರದಿಂದ ನೋಡಬಹುದು.

ಲೇಸರ್ ಟೇಬಲ್ಲಿನ ಕನ್ನಡಿಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸುತ್ತಿದ್ದವರು ಟೆಕ್ನಿಷಿಯನ್ ಈರಬಸಪ್ಪ ಕಾಕಾ. ನವಲಗುಂದದ ಕಡೆಯವರು. ಕಾಂಟ್ರಾಕ್ಟ್ ನೌಕರಿ, ಅದೇ ಟೇಬಲ್ಲಿನಲ್ಲಿ ಹದಿನೆಂಟು ವರ್ಷ.

ಲ್ಯಾಬಿನ ಬಾಗಿಲಲ್ಲಿ ಒಂದು ಡಬ್ಬಿ. ಉಂಗುರ, ವಾಚು, ಬಳೆ ಎಲ್ಲ ಅದರಲ್ಲಿ ಹಾಕಿಯೇ ಒಳಗೆ ಹೋಗಬೇಕು. ಹೊಳೆಯುವ ವಸ್ತುವಿಗೆ ಲೇಸರ್ ಬಡಿದು ಕಣ್ಣಿಗೆ ಚಿಮ್ಮಿದರೆ ಮುಗಿಯಿತು.

ನನಗೆ ಮದುವೆಯಾಗಿ ಹನ್ನೊಂದು ದಿನ. "ತಿಂಗಳ ತುಂಬೋತನಕ ಹಸಿರು ಬಳಿ ಇಳಸಬ್ಯಾಡ ನೋಡವಾ" ಎಂದಿದ್ದರು ಅತ್ತೆ.

ನಾನು ಮಹಾ ಜಾಣೆ ಅಲ್ಲವೇ... ಬಳೆಗಳನ್ನು ಮೇಲಕ್ಕೇರಿಸಿ, ಟೇಪ್ ಸುತ್ತಿ, ಕೋಟಿನ ತೋಳಿನಲ್ಲಿ ಮುಚ್ಚಿಕೊಂಡು ಹೋದೆ.

ಆ ಮಧ್ಯಾಹ್ನ ಲೇಸರಿನ ಮಸುಕು ಕೆಂಪು ಚುಕ್ಕೆ ಕಾಣದೆ ಕಾಕಾ ಒಂದೇ ಕ್ಷಣ ಲೇಸರ್ ತಡೆಯುವ ಕನ್ನಡಕ ಮೇಲೆತ್ತಿದರು. ಅದೇ ಹೊತ್ತಿಗೆ ನಾನು ಕೈ ಚಾಚಿದೆ. ಟೇಪ್ ಬಿಚ್ಚಿ ಬಳೆ ಜಾರಿ ಲೇಸರಿಗೆ ಅಡ್ಡ ಬಂತು...

"ಯವ್ವಾ!" ಎಂದು ಕಾಕಾ ಕಣ್ಣು ಹಿಡಿದು ಕುಸಿದರು.

ಬಲಗಣ್ಣಿನ ನೋಟದ ನಟ್ಟನಡುವೆ ಕಪ್ಪು ಕಲೆ ಉಳಿಯಿತು. ಇನ್ನು ಅದು ಹೋಗುವುದಿಲ್ಲ ಎಂದರು ಡಾಕ್ಟರು.

ವಿಚಾರಣೆಯ ದಿನ ಡೈರೆಕ್ಟರ್ ನನ್ನನ್ನು ಕೇಳಿದರು, "ನೀವೇನಾದ್ರೂ ಹೊಳೆಯೋದು ಹಾಕ್ಕೊಂಡಿದ್ರಾ?"

"ಇಲ್ಲ ಸರ್" ಅಂದುಬಿಟ್ಟೆ. ನಾಲ್ಕು ವರ್ಷದ ಶ್ರಮ ನೀರುಪಾಲಾದೀತು ಎಂಬ ಭಯ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಾಕಾ ಪಕ್ಕದಲ್ಲೇ ಕುಳಿತಿದ್ದರು. ಒಮ್ಮೆ ನನ್ನ ಕಡೆ ನೋಡಿದರು. "ಕನ್ನಡಕ ತಗದಾಂವ ನಾನರೀ ಸಾಹೇಬ್ರ" ಎಂದಷ್ಟೇ ಹೇಳಿದರು.

ತಪ್ಪೆಲ್ಲ ಅವರ ತಲೆಗೆ ಬಂತು. ಕೆಲಸ ಬಿಡಲು ಒಂದು ತಿಂಗಳ ನೋಟಿಸ್ ಕೊಟ್ಟು, ಅಲ್ಲಿಯವರೆಗೆ ಸ್ಟೋರಿನಲ್ಲಿ ಕೂರಿಸಿದರು.

ನಾನು ದಿನಾ ಅಲ್ಲಿಗೆ ಹೋಗಿ "ಕಣ್ಣು ಹೆಂಗೈತಿ ಕಾಕಾ?" ಎಂದು ಕೇಳಿ ಬರುತ್ತಿದ್ದೆ. ನಾಚಿಕೆಗೆಟ್ಟವಳು!

ತಿಂಗಳು ಮುಗಿಯಿತು... ಕಾಕಾ ಕೆಲಸ ಬಿಟ್ಟು ಹೊರಟುಹೋದರು.

ಪ್ರಯೋಗ ಗೆದ್ದಿತು. ಪರಮಾಣುಗಳ ಓಟ ತಗ್ಗಿದ್ದು ಗ್ರಾಫಿನಲ್ಲಿ ಕಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವರನ್ನು ಹುಡುಕಿಕೊಂಡು ಹೋಗಲು ನನಗೆ ಮೂರು ವರ್ಷ ಬೇಕಾಯಿತು. ಒಂದು ಹತ್ತಿ ಮಿಲ್ಲಿನ ಗೇಟಿನಲ್ಲಿ ಕಾವಲು ಕುಳಿತಿದ್ದರು. ಕಾಲು ಹಿಡಿದು, ಅಳುತ್ತ ಎಲ್ಲ ಹೇಳಿದೆ.

"ಗೊತ್ತೈತಿ ಬಿಡವಾ... ಬಳಿ ನಾ ಅವತ್ತ ನೋಡೀನಿ."

"ಮತ್ಯಾಕ ಹೇಳ್ಲಿಲ್ಲ ಕಾಕಾ?"

"ನೀನ ಹೇಳ್ತಿ ಅಂತ ಕಾದೆ. ದಿನಾ ಸ್ಟೋರಿಗೆ ಬರ್ತಿದ್ದಿ... ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅನ್ಕೊಂಡೆ. ಅವಾಗ ಹೇಳಿದ್ರ ಇಬ್ಬರದೂ ತಪ್ಪು ಅಂತಿದ್ರು, ನನ್ನ ನೌಕರಿ ಉಳೀತಿತ್ತು. ಈಗ ಇದನ್ನ ತಗೊಂಡು ನಾ ಏನ್ ಮಾಡ್ಲಿ?"

ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಎದ್ದು ಹೋಗಿ ಗೇಟಿನ ಚಿಲಕಕ್ಕೆ ಕೈ ಹಾಕಿದರು... ಚಿಲಕ ತಪ್ಪಿ ನಾಲ್ಕು ಬೆರಳು ಆಚೆ ಹೋಯಿತು ಕೈ. ಎರಡನೇ ಸಲಕ್ಕೆ ಸಿಕ್ಕಿತು.

*ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ವೇಳೆ ಇರುತ್ತದೆ... ಅದು ದಾಟಿದ ಮೇಲೆ ಒಪ್ಪಿಕೊಂಡರೆ ಹಗುರಾಗುವುದು ನಮ್ಮ ಮನಸ್ಸು ಮಾತ್ರ.*

ನೀವೇ ಬಾಯಿಬಿಟ್ಟು ಹೇಳಲಿ ಎಂದು ಯಾರಾದರೂ ಇವತ್ತಿಗೂ ಸುಮ್ಮನೆ ಕಾಯುತ್ತಿದ್ದಾರಾ?