ಮುಚ್ಚಳದ ತೂತು

ಪಾವಗಡ ಇನ್ನೂ ದೂರವಿರುವಾಗಲೇ ವ್ಯಾನು ಮತ್ತೆ ನಿಂತಿತು. ಅನ್ನದಾನಮ್ಮ ತೊಡೆಯ ಮೇಲಿದ್ದ ಹೂವು ಹಣ್ಣಿನ ಚೀಲವನ್ನು ಕೆಳಗಿಟ್ಟು ತೀರ್ಪು ಕೊಟ್ಟೇಬಿಟ್ಟಳು.

“ಗಾಡಿ ತಿರುವು, ಮನೀಗೆ ಹೋಗೂನು. ಈ ಹುಡುಗಿ ನಮಗ ಬ್ಯಾಡ. ಒಂದು ಸಲ ನಿಂತ್ರ ಗಾಡಿ ಕೆಟ್ಟೈತಿ ಅನ್ನಬಹುದು. ರಾಯದುರ್ಗ ಬಿಟ್ಟಾಗಿಂದ ಇದ ಹಾಡು ಅಂದ್ರ, ದೇವ್ರು ಬ್ಯಾಡ ಅನ್ನಾಕತ್ತಾನ.”

ಮಗ ಕಲ್ಲೇಶ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ. ಹುಡುಗಿ ಮಡಕಶಿರದ ಉಷಾರಾಣಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಇಬ್ಬರೂ ಅಕ್ಕಪಕ್ಕದ ಮಿಶಿನ್ನುಗಳಲ್ಲಿ ಹೊಲಿಯುತ್ತಾ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆಮೇಲೆ ಅವನು ತನ್ನೂರು ರಾಯದುರ್ಗಕ್ಕೆ ಮರಳಿ ಸ್ವಂತಕ್ಕೆ ಜೀನ್ಸ್ ಹೊಲಿಸತೊಡಗಿದ; ಅವಳು ಅಲ್ಲೇ ಉಳಿದಳು. ಅವ್ವನನ್ನು ಹೆಣ್ಣು ನೋಡಲು ಒಪ್ಪಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು. ಉಷಾರಾಣಿಗೆ ರಜೆ ಸಿಕ್ಕಿದ್ದು ಇವತ್ತೊಂದೇ ದಿನ, ಸಂಜೆಯ ಬಸ್ಸಿಗೆ ಅವಳು ವಾಪಸ್ಸು ಹೊರಡಬೇಕು. ಇವತ್ತು ಇವರು ಬಾರದಿದ್ದರೆ ಶಿರಾ ಕಡೆಯ ಗಂಡಿಗೆ ಮಾತು ಕೊಡುವುದೇ ಸೈ ಎಂದು ಅವಳಪ್ಪ ಹೇಳಿಯಾಗಿತ್ತು. ಮೊದಲೇ ಬಸ್ಸಿನಲ್ಲಿ ಹೋಗಿದ್ದ ಸೋದರಮಾವ ಸಿದ್ದಬಸಪ್ಪ ಆ ಮನೆಯ ಪಡಸಾಲೆಯಲ್ಲಿ ಏನು ಸಬೂಬು ಹೇಳುತ್ತಾ ಕೂತಿದ್ದನೋ.

ಗಾಡಿಯ ರೋಗವೂ ವಿಚಿತ್ರವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತಿತ್ತು. ಏನೂ ಆಗೇ ಇಲ್ಲವೆಂಬಂತೆ ಒಂದಷ್ಟು ಓಡಿ, ಮತ್ತೆ ಕೆಮ್ಮಿ ನಿಲ್ಲುತ್ತಿತ್ತು. ಕಲ್ಲೇಶ ಪ್ಲಗ್ಗು ಒರೆಸಿದ, ವೈರು ಎಳೆದು ನೋಡಿದ, ನೀರು ಹಾಕಿದ. ಹೊಲಿಗೆ ಮಿಶಿನ್ನಾಗಿದ್ದರೆ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಿದ್ದ. ಇದು ಅವನ ಕೈಗೆ ಬಗ್ಗುವ ಜಾತಿಯದಲ್ಲ.

ಈಗಲೂ ಅದು ಸ್ಟಾರ್ಟ್ ಆಯಿತು. ಅವ್ವನ ಮಾತು ಮೀರುವ ಎದೆಗಾರಿಕೆ ಅವನಿಗಿರಲಿಲ್ಲ. ಮುಖ ಬಾಡಿಸಿಕೊಂಡು ಗಾಡಿಯನ್ನು ಬಂದ ದಾರಿಗೇ, ಕಲ್ಯಾಣದುರ್ಗದ ಕಡೆಗೆ ತಿರುಗಿಸಿದ. ಅನ್ನದಾನಮ್ಮ ನಿರಾಳವಾಗಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಅದು ಕೆಂಪಾಗುವ ಮೊದಲೇ ವ್ಯಾನು ಕೆಮ್ಮಿತು, ನಿಂತಿತು.

ಕಲ್ಲೇಶ ಸ್ಟೇರಿಂಗಿನಿಂದ ಕೈ ತೆಗೆದು ಅವ್ವನ ಕಡೆ ತಿರುಗಿದ.

“ಯವ್ವ, ಈಗೇನಂತಾನ ನಿನ್ನ ದೇವ್ರು? ಮನೀಗೂ ಹೋಗಬ್ಯಾಡ ಅಂತಾನೇನು?”

“ಬಾಯಿ ಮುಚ್ಕೊಂಡು ಪೆಟ್ರೋಲ್ ಐತೇನು ನೋಡು,” ಎಂದಳು ಅನ್ನದಾನಮ್ಮ. ಸೋತಾಗ ಗದರುವುದು ಅವಳ ಹಳೆಯ ಅಭ್ಯಾಸ.

ಪೆಟ್ರೋಲ್ ತೋರಿಸುವ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ. ಕಲ್ಲೇಶ ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು ಬಂದು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದ. ಕಚ್ಚಿಕೊಂಡಿತ್ತು. ಬಲ ಹಾಕಿ ತಿರುವಿದಾಗ ಟ್ಯಾಂಕು ‘ಉಸ್ಸ್’ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಅವನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದ. ಕಡ್ಡಿ ಇಳಿಬಿಟ್ಟು ನೋಡಿದರೆ ಪೆಟ್ರೋಲ್ ಬೇಕಾದಷ್ಟಿತ್ತು. ಸುಮ್ಮನೆ ಹೋಗಿ ಸ್ಟಾರ್ಟ್ ಮಾಡಿದ. ಕಾಯುವುದೇನೂ ಇಲ್ಲದೆ ಇಂಜಿನ್ನು ಹಿಡಿಯಿತು.

ಮುಚ್ಚಳ ಇನ್ನೂ ಕೈಯಲ್ಲೇ ಇತ್ತು. ಅದರಲ್ಲೊಂದು ಸಣ್ಣ ತೂತು. ತೂತಿನ ತುಂಬ ನೀಲಿ ಬಣ್ಣದ್ದೇನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. ಬಟ್ಟೆ ಸೋಪು.

“ಇದನ್ನ ಯಾರು ತುಂಬ್ಯಾರ?”

ಅನ್ನದಾನಮ್ಮ ಸೆರಗು ಸರಿಮಾಡಿಕೊಂಡಳು. “ನಾನ. ನಿನ್ನೆ ಗಾಡಿ ತೊಳಿವಾಗ ನೋಡಿದ್ನಿ, ತೂತು ಬಿದ್ದೈತಿ, ವಾಸ್ನಿ ಬರಾಕತ್ತೈತಿ. ಬೀಗರ ಮನೀಗೆ ದಾರಿ ತುಂಬ ವಾಂತಿ ಮಾಡ್ಕೊಂತ ಹೋಗ್ಲೇನು? ಟ್ಯಾಂಕು ಸೋರಿದ್ರ ಲಾರಿಯವ್ರು ಸೋಪು ಮೆತ್ತೂದಿಲ್ಲೇನು? ಹಂಗ ನಾನೂ ಮೆತ್ತಿದ್ನಿ.”

“ಅದು ಬಿದ್ದ ತೂತಲ್ಲ ಯವ್ವ, ಗಾಡಿ ಮಾಡಿದವ್ರ ಇಟ್ಟ ತೂತು.”

ಅವಳು ಇಳಿದು ಬಂದು ಮುಚ್ಚಳ ಇಸಿದುಕೊಂಡಳು. ತಿರುಗಿಸಿ ಮುರುಗಿಸಿ ನೋಡುತ್ತಾ ಬಹಳ ಹೊತ್ತು ನಿಂತಳು.

“ಎಣ್ಣಿ ಡಬ್ಬೀಗೆ ಒಂದ ತೂತು ಹೊಡೆದ್ರ ಎಣ್ಣಿ ಸುರಿಯಂಗಿಲ್ಲ,” ಎಂದಳು ಮೆಲ್ಲಗೆ. “ಗಾಳಿ ಒಳಗ ಹೋಗಾಕ ಇನ್ನೊಂದು ಹೊಡೀಬೇಕು. ಜಲ್ಮೆಲ್ಲಾ ಅದನ್ನ ಮಾಡೀನಿ. ಇಲ್ಲಿ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ.”

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸೋಪನ್ನೆಲ್ಲ ಚುಚ್ಚಿ ಕೆದರಿದಳು, ಊದಿದಳು, ತೂತನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದಳು. ಆಮೇಲೆ ತಾನೇ ಮುಚ್ಚಳ ಹಾಕಿ ತಿರುವಿ, ಒಳಗೆ ಹೋಗಿ ಕೂತು ಹೂವಿನ ಚೀಲವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಅದನ್ನು ನೋಡಿ ಕಲ್ಲೇಶನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಗಾಡಿಯನ್ನು ಮಡಕಶಿರದ ಕಡೆಗೆ ತಿರುಗಿಸಿದ.

ಪಾವಗಡ ದಾಟಿದರೂ ವ್ಯಾನು ಕೆಮ್ಮಲಿಲ್ಲ. ಎದೆಯ ಮೇಲಿನ ಭಾರವೆಲ್ಲ ಇಳಿದು ಕಲ್ಲೇಶ ಸಣ್ಣಗೆ ಗುನುಗುತ್ತಿದ್ದ. ಅಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ಅವನು ಜೇಬಿಗೆ ಕೈ ಹಾಕುವ ಮೊದಲೇ ಅನ್ನದಾನಮ್ಮ ಅದನ್ನು ಎಳೆದುಕೊಂಡು ಕಿವಿಗಿಟ್ಟಳು.

“ಎಲ್ಲಿದ್ದೀರಾ? ನಮ್ಮಪ್ಪ ಬಾಗ್ಲಾಗೆ ಕುಂತವ್ರೆ. ಬತ್ತೀರೋ, ಇಲ್ವೋ, ಅದನ್ನಾರ ಹೇಳ್ರಿ.” ಉಷಾರಾಣಿಯ ದನಿ ಅಳುವಿನ ಅಂಚಿನಲ್ಲಿತ್ತು.

“ಬರಾಕತ್ತೀವಿ ತಂಗಿ. ನಾನು ಕಲ್ಲೇಶನ ಅವ್ವ. ಗಾಡಿಗೆ ಉಸಿರು ಕಟ್ಟಿತ್ತು. ಕಟ್ಟಿಸಿದಾಕಿ ನಾನ.”

ಅನ್ನದಾನಮ್ಮ ಕಿಟಕಿಯ ಹೊರಗೆ ನೋಡುತ್ತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಒಂದು ಮಾತು ಈಗ್ಲೇ ಹೇಳಿರ್ತೀನಿ ಕೇಳು. ನಮ್ಮನೀಗೆ ಬಂದ ಮ್ಯಾಲ ನಾ ಏನಾರ ಮುಚ್ಚಿದ್ದು ಕಂಡ್ರ, ನನ್ನ ಕೇಳಾಕ ಬರಬ್ಯಾಡ. ತೆಗದುಬಿಡು.”