ಬಿಲ್ಲೆಯ ಬೆನ್ನಿಗೆ ಬಟ್ಟೆ

"ಗೆರಿ ಬಿತ್ತು! ನೋಡಿಲ್ಲೆ, ಗೆರಿ ಬಿತ್ತು!" ಎಂದು ವಕೀಲ ಬಿಂದುಮಾಧವರಾಯರು ಕೂಗಿದ ಅಬ್ಬರಕ್ಕೆ, ಅಡಿಗೆಮನೆಯಲ್ಲಿದ್ದ ಹೆಂಡತಿ ಕಾಶೀಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದರು. ಬೀಟೆಯ ಮೇಜಿನ ಮೇಲೆ ಕೂದಲೆಳೆಯಷ್ಟು ಗೀರು. ಊರು ಬಿಟ್ಟು ಹೋದ ಇಂಗ್ಲಿಷ್ ದೊರೆಯೊಬ್ಬನ ಮನೆಯ ಲಿಲಾವಿನಲ್ಲಿ ಸವಾಲು ಕೂಗಿ ಕೊಂಡ ಮೇಜು ಅದು. ಬಿಸಿ ಚಹಾದ ಕಪ್ಪು ಇಟ್ಟರೆ ಮೇಜಿನ ಹೊಳಪಿಗೆ ಬಿಳಿ ಉಂಗುರ ಮೂಡುತ್ತದೆಂದು ಕಾಶೀಬಾಯಿ ಮಣ್ಣಿನ ಚೌಕ ಬಿಲ್ಲೆಗಳನ್ನು ತಟ್ಟಿ, ಮೇಲೆ ರಂಗೋಲಿ ಬರೆದು, ಕುಂಬಾರ ಫಕೀರವ್ವನ ಆವಿಗೆಯಲ್ಲಿ ಸುಡಿಸಿ ತಂದಿದ್ದರು. ಬಿಲ್ಲೆಯ ಮುಖ ಬಲು ಚೆಂದ. ಅಡಿ ಮಾತ್ರ ಒರಟು.

ಬಿಲ್ಲೆಗಳನ್ನು ಹಿತ್ತಲಿಗೆ ಎಸೆಯುವ ಹಾಗೂ ಇರಲಿಲ್ಲ. ಧಾರವಾಡದಲ್ಲಿ ಸ್ವದೇಶಿ ಪ್ರದರ್ಶನ ಹತ್ತಿರ ಬಂದಿತ್ತು, ಅದರ ಅಧ್ಯಕ್ಷತೆಯ ಮೇಲೆ ರಾಯರ ಕಣ್ಣಿತ್ತು. ಅಧ್ಯಕ್ಷರನ್ನು ಆರಿಸಬೇಕಾದ ಗುರುಶಿದ್ದಪ್ಪನವರು ರವಿವಾರ ಚಹಾಕ್ಕೆ ಬರುವವರಿದ್ದರು. ವಕೀಲರ ಮನೆಯೇ ಸ್ವದೇಶಿ ಕಾರಖಾನೆ ಎಂದು ತೋರಿಸುವುದಕ್ಕೆ ಹೆಂಡತಿಯ ಬಿಲ್ಲೆಗಳಿಗಿಂತ ಒಳ್ಳೆಯ ಸಾಕ್ಷಿ ರಾಯರಿಗೆ ಸಿಕ್ಕಿರಲಿಲ್ಲ.

"ಬಿಲ್ಲಿ ಅಡಿಗೆ ಏನರೆ ಮೆತ್ತಂದು ಅಂಟಸಬೇಕ್ರಿ," ಎಂದರು ಕಾಶೀಬಾಯಿ. "ಹುಬ್ಬಳ್ಳಿ ಪೇಟ್ಯಾಗ ಹಸರ ಬನಾತು, ದಪ್ಪ ಉಣ್ಣಿ ಅರಿವಿ, ಸಿಗ್ತದಂತ."

"ಬನಾತು? ಅದರ ರೇಟು ಗೊತ್ತದ ಏನು ನಿನಗ? ಮ್ಯಾಲೆ ವಿಲಾಯತಿ ಮಾಲು! ನನ್ನ ಮನ್ಯಾಗ ವಿಲಾಯತಿದು ಒಂದು ಎಳಿ ಸುದ್ಧಾ ಬರಕೂಡದು. ಮನ್ಯಾಗ ಇದ್ದದ್ದರಾಗಽ ಮಾಡು."

ದೊರೆಯ ಮೇಜನ್ನು ಗುದ್ದಿಯೇ ರಾಯರು ಈ ಅಪ್ಪಣೆ ಕೊಟ್ಟರು.

ಕಾಶೀಬಾಯಿ ಮೊದಲು ಖಾದಿಯ ಚೂರನ್ನು ಮೈದಾದ ಅಂಟಿನಿಂದ ಹಚ್ಚಿ ನೋಡಿದರು. ಚಹಾದ ಹಬೆ ತಾಗಿದ್ದೇ ತಡ, ಬಿಲ್ಲೆ ಕೈಗೆ ಬಂತು, ಖಾದಿ ಮೇಜಿನ ಮೇಲೆ ಉಳಿಯಿತು. ಗೋಣಿತಟ್ಟು ಹಚ್ಚಿದರೆ ಬರಿ ಮಣ್ಣೇ ವಾಸಿ ಎನ್ನುವಂತೆ ಮೇಜನ್ನು ಕೆರೆಯಿತು. ಕೊನೆಗೆ ಬಂಗಾರದ ಕೆಲಸದ ಪತ್ತಾರನಿಂದ ಚೂರು ಅರಗು ತರಿಸಿ ಕಾಯಿಸಿ ಒತ್ತಿದಾಗ ಅಂಟಿನ ಚಿಂತೆಯೇನೋ ಹೋಯಿತು. ಆದರೆ ಒತ್ತುವುದಕ್ಕೆ ದಪ್ಪನೆಯ ಮೆತ್ತನೆಯ ಬಟ್ಟೆ ಬೇಕಲ್ಲ? ತವರಿನಿಂದ ಬಂದ ಮಖಮಲ್ಲಿನ ಅಂಚಿನ ಸೀರೆಯೊಂದಿತ್ತು, ಅದರ ಅಂಚೇ ಸಾಕಾಗುತ್ತಿತ್ತು. ಅದನ್ನು ಹೋದ ವರ್ಷ ಪೇಟೆಯ ಚೌಕದಲ್ಲಿ ವಿಲಾಯತಿ ಬಟ್ಟೆಯ ಹೋಳಿ ಮಾಡಿದಾಗ ರಾಯರು ಹೆಂಡತಿಯನ್ನು ಒಂದು ಮಾತೂ ಕೇಳದೆ ಬೆಂಕಿಗೆ ಹಾಕಿದ್ದರು. ತಮ್ಮ ಕರಿ ಉಣ್ಣೆಯ ವಿಲಾಯತಿ ಟೊಪ್ಪಿಗೆಯನ್ನು ಎಲ್ಲರಿಗಿಂತ ಮೊದಲೇ ಬೆಂಕಿಗೆ ಹಾಕಿಬಿಟ್ಟೆನೆಂದು ಬರಿದಲೆ ತೋರಿಸಿದ್ದರು. ಜನ ಬರಿದಲೆಗೆ ಚಪ್ಪಾಳೆ ತಟ್ಟಿದರು. ಮರುದಿನದಿಂದ ಆ ತಲೆಯ ಮೇಲೆ ಬಿಳಿ ಖಾದಿ ಟೊಪ್ಪಿಗೆ ಬಂತು. ಸೀರೆಯ ಉರಿ ಮಾತ್ರ ಕಾಶೀಬಾಯಿಯ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಶನಿವಾರ ರಾಯರು ಕೋರ್ಟಿಗೆ ಹೋದ ಮೇಲೆ, ಹರಕು ಧೋತರವೇನಾದರೂ ಸಿಕ್ಕೀತೆಂದು ಕಾಶೀಬಾಯಿ ಅವರ ಟ್ರಂಕು ತೆಗೆದರು. ತಳದಲ್ಲಿ, ನುಸಿ ಹತ್ತದಂತೆ ಇಟ್ಟ ಡಾಂಬರ ಗುಳಿಗೆಗಳ ನಡುವೆ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಆ ಕರಿ ಟೊಪ್ಪಿಗೆ ಹಾಯಾಗಿ ಮಲಗಿತ್ತು. ಬೆಂಕಿಯ ಬಿಸಿಯೂ ಅದಕ್ಕೆ ತಾಗಿರಲಿಲ್ಲ. ಕಾಶೀಬಾಯಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣೆಯ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಎದ್ದು ಕತ್ತರಿ ಹುಡುಕಿದರು.

ಸಂಜೆ ರಾಯರು ಬಂದು ಬಿಲ್ಲೆಯನ್ನು ಮೇಜಿನ ಮೇಲೆ ಅತ್ತಿತ್ತ ಜಾರಿಸಿ ನೋಡಿದರು. ಗೀರಿಲ್ಲ, ಸದ್ದಿಲ್ಲ. ಬಿಡಿಕಾಸಿಲ್ಲದೆ ಆದ ಕೆಲಸದ ಬಗ್ಗೆ ಪ್ರಶ್ನೆ ಕೇಳುವ ಕೆಟ್ಟ ಚಾಳಿ ಅವರಿಗಿರಲಿಲ್ಲ.

ರವಿವಾರ ಗುರುಶಿದ್ದಪ್ಪನವರು ಬಂದರು. ಚಹಾ ಬಂತು, ಬಿಲ್ಲೆಗಳ ಮೇಲೆ ಕಪ್ಪುಗಳು ಕೂತವು. ಚಹಾ ಕುಡಿದು ಮುಗಿದ ಮೇಲೆ ರಾಯರು ಕೋರ್ಟಿನಲ್ಲಿ ನಿಂತಂತೆ ಎದ್ದು ನಿಂತರು.

"ನೋಡ್ರಿ ಗುರುಶಿದ್ದಪ್ಪನವರ, ಮಣ್ಣು ನಮ್ಮದು, ಬಣ್ಣ ನಮ್ಮದು, ಕೈ ನಮ್ಮದು. ವಿಲಾಯತಿದು ಒಂದು ಎಳಿ ಇಲ್ಲ. ಬೇಕಾದ್ರ ತಿರವಿ ನೋಡ್ರಿ!"

ಗುರುಶಿದ್ದಪ್ಪನವರು ತಿರುವಿ ನೋಡಿದರು. ಕರಿ ಉಣ್ಣೆಯ ಮೇಲೆ ಅವರ ಹೆಬ್ಬೆರಳು ಒಮ್ಮೆ ಹೋಗಿ ಒಮ್ಮೆ ಬಂತು. ನಡುವೆ ಟೊಪ್ಪಿಗೆಯ ಮಡಿಕೆಯ ಗುರುತು ಹಾಗೇ ಇತ್ತು, ಡಾಂಬರ ಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ರಾಯರೂ ಬಗ್ಗಿ ನೋಡಿದರು. ನೋಡಿದವರೇ ಕೂತುಬಿಟ್ಟು ಕಪ್ಪನ್ನು ಬಾಯಿಗಿಟ್ಟರು. ಅದರಲ್ಲಿ ಚಹಾ ಮುಗಿದು ಬಹಳ ಹೊತ್ತಾಗಿತ್ತು, ಆದರೂ ಕುಡಿದರು.

"ಭಾಳ ಮೆತ್ತಗೈತ್ರಿ ಅಕ್ಕಾರ," ಎಂದರು ಗುರುಶಿದ್ದಪ್ಪನವರು. "ಈ ಅರಿವಿ ಎಲ್ಲಿಂದ ತಂದ್ರಿ?"

"ತಂದಿಲ್ರಿ," ಎಂದರು ಕಾಶೀಬಾಯಿ. "ಮನ್ಯಾಗ ಇದ್ದದ್ದರಾಗಽ ಮಾಡು ಅಂತ ಇವರ ಹೇಳಿದ್ರು."

ಅಧ್ಯಕ್ಷತೆ ಕೈಬಿಟ್ಟಿತೆಂದು ರಾಯರು ಕಣ್ಣು ಮುಚ್ಚಿದರು. ಗುರುಶಿದ್ದಪ್ಪನವರು ಬಿಲ್ಲೆಯನ್ನು ರಂಗೋಲಿ ಮೇಲಾಗಿ ಮೆಲ್ಲಗೆ ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ಕಪ್ಪನ್ನು ಇಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಮಗೂ ಒಂದಿಷ್ಟು ಬಿಲ್ಲಿ ಮಾಡಿ ಕೊಡ್ತೀರೇನ್ರಿ ಅಕ್ಕಾರ? ಅಡಿಗೆ ಹಚ್ಚಾಕ ಅರಿವಿ ನಾನಽ ಕಳಸ್ತೇನಿ. ಇದಽ ನಮೂನಿದು, ಕರೀದು. ನಮ್ಮ ಟ್ರಂಕಿನ್ಯಾಗ ಸುಮ್ಮನ ಬಿದ್ದೈತಿ."

ರಾಯರಿಗೆ ಹೋದ ಉಸಿರು ಬಂತು. ಮೊದಲು ಅವರು ನಕ್ಕರು, ಹಿಂದೆಯೇ ಗುರುಶಿದ್ದಪ್ಪನವರೂ ನಕ್ಕರು. ಇಬ್ಬರೂ ದೇಶಭಕ್ತರು ಮೇಜು ತಟ್ಟಿ ತಟ್ಟಿ ನಕ್ಕರು.

ಕಾಶೀಬಾಯಿ ನಗಲಿಲ್ಲ. ಬರಿ ಕಪ್ಪುಗಳನ್ನು ಎತ್ತಿಕೊಳ್ಳುತ್ತ ಹೇಳಿದರು:

"ಟೊಪಿಗಿ ಕಳಸ್ರಿ, ಮಾಡಿ ಕೊಡ್ತೀನಿ. ನಿಮ್ಮ ಮನಿಯವರದು ಸೀರಿ ಇದ್ರ ಅದನ್ನೂ ಕಳಸ್ರಿ ಅಂತಿದ್ದೆ. ಆದ್ರ ಸೀರಿ ಎಲ್ಲಾ ಖರೇನಽ ಸುಟ್ಟಾವಲ್ಲ."